ಸೇತುವೆಯ ದಾರಿ

ಫೋನಿನ ಮೇಲೆ ಅಣ್ಣನ ಹೆಸರು ಮೂಡಿದಾಗ ಅವಳು ವ್ಯಾನಿನ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು, ಲೋಡು ಬಿಗಿಯುವ ಬೆಲ್ಟುಗಳನ್ನು ಸುರುಳಿ ಸುತ್ತುತ್ತಿದ್ದಳು. ಎಂಟು ತಿಂಗಳಲ್ಲಿ ಒಮ್ಮೆಯೂ ಮೂಡದ ಹೆಸರು. ಮಡಿಸಿಟ್ಟ ಕಂಬಳಿಯ ಮೇಲಿದ್ದ ಫೋನು ಗುಂಯ್‌ಗುಟ್ಟುತ್ತ ಅಂಚಿನತನಕ ಸರಿದು ಬಂತು. ಅವಳು ಕೈ ಚಾಚಲಿಲ್ಲ. ಬಡಿದುಕೊಳ್ಳುವಷ್ಟು ಬಡಿದುಕೊಂಡು ಅದು ತಾನೇ ಸುಮ್ಮನಾಯಿತು.

ಮಧ್ಯಾಹ್ನ ಒಂದೂವರೆ. ನದಿಯ ಈಚೆಯ ಲಾರಿ ನಿಲ್ದಾಣದಲ್ಲಿ ಬಿಸಿಲು ಕಾದಿತ್ತು. ಬೆಳಿಗ್ಗೆ ಪಂಪಿನ ಕಾರ್ಖಾನೆಗೆ ಒಂದು ಮೋಟಾರು ಮುಟ್ಟಿಸಿ, ಮುಂದಿನ ಲೋಡಿಗೆ ಕಾಯುತ್ತ ಇಲ್ಲಿ ನಿಂತಿದ್ದಳು. ಬರುವಾಗ ಸೇತುವೆ ದಾಟಿದವರಲ್ಲಿ ಬಹುಶಃ ಅವಳೇ ಕೊನೆಯವಳು. ನಡುವಿನ ಜೋಡಣೆ ಒಂದು ಗೇಣು ಕುಸಿದಿತ್ತು. ಅವಳ ಚಕ್ರಗಳು ಈಚೆ ಇಳಿದ ಮೇಲೆ ಇಬ್ಬರು ಕೆಲಸಗಾರರು ಪೀಪಾಯಿಗಳನ್ನು ಉರುಳಿಸಿ ತಂದು ದಾರಿಗೆ ಅಡ್ಡ ಇಡುವುದನ್ನು ಕನ್ನಡಿಯಲ್ಲಿ ಕಂಡಿದ್ದಳು. ಇನ್ನೆರಡು ದಿನ ಸೈಕಲ್ಲೂ ಬಿಡುವುದಿಲ್ಲವಂತೆ ಎಂದು ನಿಲ್ದಾಣದ ಚಾಲಕರೆಲ್ಲ ಗೊಣಗಾಡುತ್ತಿದ್ದರು.

ಒಂಬತ್ತು ವರ್ಷ ಅವಳು ಅಣ್ಣನ ಗಾಡಿ ಓಡಿಸಿದ್ದಳು. ಅಣ್ಣನದು ಮೂರು ವ್ಯಾನುಗಳ ತುರ್ತು ಸಾಗಾಣಿಕೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಂತ್ರ ನಿಂತಿತೆಂದರೆ, ಅದಕ್ಕೆ ಬೇಕಾದ ಬಿಡಿಭಾಗ ಅಂಗೈಯಷ್ಟೇ ಇರಲಿ, ಅದೊಂದನ್ನೇ ಹೇರಿಕೊಂಡು ದಾರಿಯಲ್ಲೆಲ್ಲೂ ತಡೆಯದೆ ಮುಟ್ಟಿಸುವ ಕೆಲಸ. ಹೇಳಿದ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ನಿಲ್ಲುತ್ತಿದ್ದಳೆಂದು ಗಾಜಿನ ಕಾರ್ಖಾನೆಯ ಸ್ಟೋರಿನವರು ಅವಳಿಗೆ ಗಡಿಯಾರ ಎಂದೇ ಹೆಸರಿಟ್ಟಿದ್ದರು.

ಹೋದ ವರ್ಷ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಮೂರನೆಯ ದಿನ ಅವಳು ಅದೇ ಗಾಜಿನ ಕಾರ್ಖಾನೆಯ ಬೇರಿಂಗ್ ಹೇರಿಕೊಂಡು ಹೊರಟಿದ್ದಳು. ದಾರಿ ಆಸ್ಪತ್ರೆಯ ಮುಂದೆಯೇ ಹಾದು ಹೋಗುತ್ತಿತ್ತು. ಆಸ್ಪತ್ರೆಯ ನೀರಿನ ಟ್ಯಾಂಕು ಕಂಡಾಗ ಅಣ್ಣನಿಗೆ ಫೋನ್ ಮಾಡಿದಳು. ಆಗ ಎರಡು ಗಂಟೆ. ಅಣ್ಣ ಅಮ್ಮನ ಮಂಚದ ಪಕ್ಕದಲ್ಲೇ ನಿಂತಿದ್ದ. "ಎಲ್ಲ ಸರಿಯಾಗಿದೆ. ನೀನು ನಡೀತಾ ಇರು" ಅಂದ. ಅವಳು ನಡೆದಳು. ಅಮ್ಮ ಹೋದದ್ದು ಮೂರು ಗಂಟೆಗೆ. ಬೆಳಿಗ್ಗೆಯಿಂದ ಬಾಗಿಲಲ್ಲಿ ಯಾರ ಕಾಲ ಸಪ್ಪಳವಾದರೂ ಮಗಳು ಬಂದಳೆಂದು ಏಳಲು ನೋಡುತ್ತಿದ್ದರು ಎಂದು ಆಮೇಲೆ ನರ್ಸ್ ಹೇಳಿದಳು. ಹೇಳಬಾರದಿತ್ತೇನೋ, ಹೇಳಿಬಿಟ್ಟಳು.

ಅಮ್ಮನ ಸ್ಥಿತಿಯನ್ನು ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ ಅಣ್ಣ ತಲೆ ತಗ್ಗಿಸಲೂ ಇಲ್ಲ.

"ಹೇಳಿದ್ರೆ ನೀನು ಗಾಡಿ ತಿರುಗಿಸ್ತಿದ್ದೆ. ಅಲ್ಲಿ ಕಾರ್ಖಾನೇಲಿ ನೂರಿಪ್ಪತ್ತು ಜನ ಕೈಕಟ್ಟಿ ಕೂತಿದ್ರು."

ಅವಳು ವ್ಯಾನಿನ ಕೀಲಿಯನ್ನು ವಾರ್ಡಿನ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಬಂದಳು. ಅಣ್ಣನ ಜೊತೆ ಅದೇ ಕೊನೆಯ ಮಾತು.

ಎರಡು ತಿಂಗಳಲ್ಲಿ ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಒಂದು ಹಳೆಯ ವ್ಯಾನು ಕೊಂಡಳು. ಹಿಂದೆ ಬೇಕರಿಯವರ ಬಳಿ ಇದ್ದದ್ದು. ಎಷ್ಟು ತೊಳೆದರೂ ಬಿಸಿಲಿಗೆ ನಿಂತರೆ ಒಳಗಿನಿಂದ ಬೆಣ್ಣೆಯ ವಾಸನೆ ಏಳುತ್ತಿತ್ತು. ಅವಳ ಗಂಡ ದರ್ಜಿ. ಲೋಡಿಗೆ ಹೊದಿಸಲು ಹತ್ತಿ ತುಂಬಿದ ದಪ್ಪ ಹೊದಿಕೆಗಳನ್ನು ಹೊಲಿದುಕೊಟ್ಟ, ಸೀಟಿನ ಹಿಂದೆ ಮಲಗಲು ಮಡಚುವ ಹಾಸಿಗೆಯನ್ನೂ. ಪರ್ಮಿಟ್ಟು, ವಿಮೆ, ಬೆಂಕಿ ಆರಿಸುವ ಡಬ್ಬ ಎಲ್ಲ ಆಯಿತು. ಆದರೆ ಲೋಡು ಬರಲಿಲ್ಲ. ಲೋಡು ಹಂಚುವ ಕಂಪನಿಗಳು ಫೋನಿಗೆ ಕಳಿಸುತ್ತಿದ್ದ ಕರೆಗೆ ಎರಡು ನಿಮಿಷದೊಳಗೆ ಉತ್ತರ ಕೊಡಬೇಕು. ಸ್ನಾನಕ್ಕೆ ಹೋದರೂ ಫೋನನ್ನು ಸೋಪಿನ ಪಕ್ಕದಲ್ಲಿಟ್ಟುಕೊಂಡು ಹತ್ತೊಂಬತ್ತು ದಿನ ಉತ್ತರ ಕೊಟ್ಟಿದ್ದೇ ಬಂತು. ಕೊನೆಗೆ ಒಂದು ಕಂಪನಿಯ ಹೆಂಗಸು ಮೆತ್ತಗೆ ಕೇಳಿದಳು, ನೀವು ಸಿಟ್ಟು ಬಂದರೆ ಲೋಡನ್ನು ಅರ್ಧ ದಾರಿಯಲ್ಲೇ ಬಿಟ್ಟು ಹೋಗುವವರಂತೆ, ನಿಜವೇ? ಆ ಮಾತು ಯಾರ ಬಾಯಿಂದ ಹೊರಟಿದ್ದೆಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಇಪ್ಪತ್ತನೆಯ ದಿನ ಸಿಕ್ಕಿದ್ದು ಒಂದು ಮುದ್ರಣಾಲಯದ ರೋಲರು. ಏಳು ಗಂಟೆಯ ದಾರಿ. ಹನ್ನೆರಡು ನಿಮಿಷ ಮೊದಲೇ ಮುಟ್ಟಿಸಿದಳು. ಇಳಿಸಿಕೊಂಡವನು ಅವಳ ಮುಖವನ್ನೂ ನೋಡದೆ ಸಹಿ ಹಾಕಿದ. ಅಲ್ಲಿಂದ ಒಂದಾದ ಮೇಲೊಂದು ಬಂದವು. ತಿಂಗಳುಗಳು ಕಳೆದಂತೆ ಕಂಪನಿಯವರೇ ಅವಳ ವ್ಯಾನನ್ನು ಕೇಳಿ ಪಡೆಯತೊಡಗಿದರು.

ಆದರೆ ಅವಳ ಕಣ್ಣೆಲ್ಲ ಗಾಜಿನ ಕಾರ್ಖಾನೆಯ ಮೇಲೆ. ಅಣ್ಣನ ಗಾಡಿಗಳ ಅರ್ಧ ಓಡಾಟ ಅದರಿಂದಲೇ. ಯಾವ ಗೇಟಿಗಾಗಿ ತನ್ನನ್ನು ಅಮ್ಮನ ಮುಂದಿನಿಂದ ದಾಟಿಸಿ ಕಳಿಸಿದನೋ ಆ ಗೇಟು ಅವನಿಗೆ ಮುಚ್ಚಬೇಕು, ಅದು ಬಿಟ್ಟು ಬೇರೇನೂ ಅವಳಿಗೆ ಬೇಕಿರಲಿಲ್ಲ. ಎರಡು ಸಲ ಹೋಗಿ ಸ್ಟೋರಿನವರನ್ನು ಕಂಡಳು. ಅವರು ಕನ್ನಡಕ ಒರೆಸುತ್ತ, "ನಿಮ್ಮಣ್ಣ ಇಲ್ಲೀವರೆಗೆ ತಪ್ಪಿಲ್ಲ ತಾಯಿ. ಒಂದ್ಸಲ ತಪ್ಪಲಿ, ಮೊದಲ ಫೋನು ನಿಮಗೇ" ಅಂದರು. ಆ ಮಾತನ್ನು ಅವಳು ಎಳೆಗೂಸಿನಂತೆ ಸಾಕಿಕೊಂಡಿದ್ದಳು. ಈ ಗಾಡಿ ಓಡುವುದು ಡೀಸೆಲ್ಲಿನ ಮೇಲೋ ನಿಮ್ಮಣ್ಣನ ಮೇಲಿನ ಸಿಟ್ಟಿನ ಮೇಲೋ ಎಂದು ಗಂಡ ಒಮ್ಮೆ ತಮಾಷೆ ಮಾಡಿದಾಗ, ಎರಡನ್ನೂ ತುಂಬಿಸಿಕೊಂಡೇ ಹೊರಡುವುದು ಎಂದಿದ್ದಳು. ಅವಳು ನಗದೆ ಹೇಳಿದ್ದರಿಂದ ಅವನೂ ನಗಲಿಲ್ಲ.

ಫೋನು ಮತ್ತೆ ಗುಂಯ್‌ಗುಟ್ಟಿತು. ಈ ಸಲ ಎತ್ತಿದಳು.

"ನಾನು," ಅಂದ ಅಣ್ಣ.

"ಗೊತ್ತಾಯ್ತು."

ಅವನೇ ಗಾಡಿ ಓಡಿಸುತ್ತಿದ್ದ. ಅವಳು ಬಿಟ್ಟ ಮೇಲೆ ಆ ವ್ಯಾನಿಗೆ ಬಂದ ಚಾಲಕರು ಯಾರೂ ನಿಂತಿರಲಿಲ್ಲ. ಗಾಜಿನ ಕಾರ್ಖಾನೆಯ ಕುಲುಮೆಯ ಬರ್ನರನ್ನು ನಡೆಸುವ ಪೆಟ್ಟಿಗೆ ಸುಟ್ಟುಹೋಗಿದೆ, ಹೊಸದನ್ನು ಹೇರಿಕೊಂಡು ಹೊರಟಿದ್ದೇನೆ, ನಾಲ್ಕು ಗಂಟೆಯೊಳಗೆ ಅಲ್ಲಿರಬೇಕು ಎಂದ. ದಾರಿ ಕವಲೊಡೆಯುವಲ್ಲಿ ನಿಂತಿದ್ದನಂತೆ. ಬಲಕ್ಕೆ ಹೋದರೆ ಸೇತುವೆ, ಎಡಕ್ಕೆ ಹೋದರೆ ಗುಡ್ಡ ಬಳಸಿಕೊಂಡು ನಲವತ್ತು ಕಿಲೋಮೀಟರ್ ಹೆಚ್ಚು, ಆದರೂ ಈಗಲೇ ಹೊರಟರೆ ನಾಲ್ಕಕ್ಕೆ ಮುಟ್ಟಬಹುದು.

"ಮ್ಯಾಪಲ್ಲಿ ಸೇತುವೆ ದಾರಿ ಖಾಲಿ ತೋರಿಸ್ತಿದೆ. ಆದ್ರೆ ಎದುರುಗಡೆಯಿಂದ ಒಂದು ಗಾಡೀನೂ ಬರ್ತಿಲ್ಲ, ಅದಕ್ಕೇ ಅನುಮಾನ. ಬೆಳಿಗ್ಗೆ ನೀನು ಅಲ್ಲಿಂದಲೇ ದಾಟಿದೆಯಂತೆ, ಪಂಪಿನವರು ಹೇಳಿದ್ರು. ಹೇಗಿದೆ?"

ಅವಳು ಕೈಯಲ್ಲಿದ್ದ ಬೆಲ್ಟಿನ ಕೊಂಡಿಯನ್ನು ನೋಡಿದಳು. ಯೋಚಿಸಲಿಲ್ಲ. ಯೋಚಿಸುವುದನ್ನೆಲ್ಲ ಎಂಟು ತಿಂಗಳಲ್ಲಿ ಯೋಚಿಸಿ ಮುಗಿಸಿದ್ದಳು.

"ಎಲ್ಲ ಸರಿಯಾಗಿದೆ," ಅಂದಳು. "ನೀನು ನಡೀತಾ ಇರು."

ಅಣ್ಣ "ಸರಿ" ಅಂದ. ಫೋನು ಕಟ್ಟಾಯಿತು.

ಅವಳು ಬೆಲ್ಟು ಸುತ್ತಿ ಮುಗಿಸಿದಳು. ಡಬ್ಬಿ ಬಿಚ್ಚಿ ಊಟ ಮಾಡಿದಳು, ಎಂದಿಗಿಂತ ಒಂದು ತುತ್ತು ಹೆಚ್ಚೇ ಸೇರಿತು. ಕವಲಿನಿಂದ ಸೇತುವೆಗೆ ಅರ್ಧ ಗಂಟೆ, ವಾಪಸ್ಸು ಅರ್ಧ ಗಂಟೆ. ಅಷ್ಟರಲ್ಲಿ ಗುಡ್ಡದ ದಾರಿಯಲ್ಲಿ ಸೇರಿಕೊಳ್ಳುವ ಲಾರಿಗಳ ಸಾಲಿನ ಹಿಂದೆ ತೆವಳುತ್ತ ಬಂದರೆ ಎಷ್ಟು ಬೇಗ ಎಂದರೂ ಆರು, ಆರೂವರೆ. ನಾಲ್ಕು ಹೊಡೆದಾಗ ಅವನು ಸ್ಟೀರಿಂಗಿಗೆ ಅಂಗೈ ಬಡಿಯುವುದು ಕಣ್ಣಿಗೆ ಕಟ್ಟಿತು. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಒಳಗೆ ಏನೋ ಚಟಪಟ ಸಿಡಿದು ಸುಖವಾಯಿತು. ಈಗ ಫೋನ್ ಮಾಡುತ್ತಾನೆ, ಬಾಯಿಗೆ ಬಂದಂತೆ ಬೈಯುತ್ತಾನೆ, ಆಗ ಹೇಳಬೇಕಾದ್ದನ್ನು ತಾನೂ ಹೇಳುತ್ತೇನೆ ಎಂದು ಒಂದೊಂದೇ ಮಾತನ್ನು ಹರಿತ ಮಾಡಿಟ್ಟುಕೊಂಡಳು.

ಫೋನು ಬರಲಿಲ್ಲ. ಸಂಜೆ ಮನೆಗೆ ಹೋದಳು. ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತಿ, ಯಾಕೆ ಹೀಗೆ ಫೋನನ್ನೇ ನೋಡುತ್ತಿದ್ದೀಯೆಂದು ಕೇಳಿದ. ನಾಳೆಯ ಲೋಡಿಗೆ ಎಂದಳು.

ಬೆಳಿಗ್ಗೆ ಎಂಟಕ್ಕೆ ಸ್ಟೋರಿನವರ ಫೋನು ಬಂತು. ಒಂಬತ್ತಕ್ಕೆ ಅವಳು ಗಾಜಿನ ಕಾರ್ಖಾನೆಯ ಅಂಗಳದಲ್ಲಿದ್ದಳು.

ಅಲ್ಲಿ ಯಾವಾಗಲೂ ಇರುತ್ತಿದ್ದ ಗುಡುಗಿನಂಥ ಸದ್ದು ಇರಲಿಲ್ಲ. ಅದರ ಬದಲು ಉಳಿ, ಸುತ್ತಿಗೆಗಳ ಟಣ್ ಟಣ್. ಸ್ಟೋರಿನವರು ಅವಳನ್ನು ಕುಲುಮೆಯ ಬಾಗಿಲತನಕ ಕರೆದುಕೊಂಡು ಹೋದರು. ಕುಲುಮೆಯಿಂದ ಅಚ್ಚುಗಳಿಗೆ ಗಾಜು ಹರಿಯುವ ಕಾಲುವೆ ಬರ್ನರು ಉರಿಯದೆ ಸಂಜೆ ಐದರ ಹೊತ್ತಿಗೆ ತಣ್ಣಗಾಗಿ, ಒಳಗಿದ್ದದ್ದೆಲ್ಲ ಕಲ್ಲಾಗಿ ಕೂತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹತ್ತಾರು ಜನ, ಗಂಡಸರು ಹೆಂಗಸರು, ಮೊಣಕಾಲೂರಿ ಆ ಹಸಿರು ಬಂಡೆಯನ್ನು ಗೇಣುಗೇಣಾಗಿ ಒಡೆಯುತ್ತಿದ್ದರು. ಒಬ್ಬನ ಅಂಗೈಗೆ ಕಟ್ಟಿದ ಬಟ್ಟೆಯಿಂದ ರಕ್ತ ಜಿನುಗುತ್ತಿತ್ತು. ಅವನು ಬಟ್ಟೆ ಬಿಗಿದುಕೊಂಡು ಮತ್ತೆ ಉಳಿ ಹಿಡಿದ. ಇನ್ನು ಹತ್ತು ದಿನ ಇದೇ ಕೆಲಸ ಎಂದರು ಸ್ಟೋರಿನವರು. ಕಾಲುವೆಯ ಮಣ್ಣಿನ ಕೊಳವೆಯೂ ಬಿರುಕುಬಿಟ್ಟಿದೆ, ಅದನ್ನು ಮಾದರಿಗೆಂದು ಇವತ್ತೇ ಕೊಳವೆ ಮಾಡುವವರಿಗೆ ಒಯ್ದುಕೊಟ್ಟರೆ ಹೊಸದು ಮಾಡಿಕೊಡುತ್ತಾರೆ, ಇನ್ನು ಮುಂದೆ ಲೋಡೆಲ್ಲ ನಿಮಗೇ.

"ಅಣ್ಣ ಏನಂದ್ರು?" ಎಂದು ಅವಳು ಕೇಳಿದಳು.

"ಏನಂತಾರೆ? ದಾರಿ ತಪ್ಪಿದೆ, ನನ್ನದೇ ತಪ್ಪು ಅಂದ್ರು. ಪೆಟ್ಟಿಗೆ ಇಳಿಸಿ ಹೋದ್ರು."

"ಬೇರೇನೂ ಹೇಳ್ಲಿಲ್ವಾ?"

"ಇಲ್ವಲ್ಲ. ಯಾಕೆ?"

ಯಾಕೂ ಇಲ್ಲವೆಂದು ಅವಳು ಕಾಗದ ತೆಗೆದುಕೊಂಡು ಸಹಿ ಹಾಕಿದಳು. ಅಣ್ಣ ಕಣ್ಣು ಕಟ್ಟಿ ಬಿಟ್ಟರೂ ದಾರಿ ತಪ್ಪುವವನಲ್ಲ. ವ್ಯಾನಿನ ಹತ್ತಿರ ಬಂದು, ನಿಂತಲ್ಲೇ ಅವನ ನಂಬರು ಒತ್ತಿದಳು. ಮೊದಲ ರಿಂಗಿಗೇ ಎತ್ತಿದ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕಿತ್ತು?"

ಅವಳು ವ್ಯಾನಿನ ಹಿಂಬಾಗಿಲ ಚಿಲಕ ತೆಗೆದಳು. ಅಣ್ಣನೇ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವ ದನಿಯೂ ಅಲ್ಲ.

"ಈಗ ಸಮ ಆಯ್ತಾ?"

"ಇಲ್ಲ," ಅಂದಳು.

ಫೋನನ್ನು ಜೇಬಿಗಿಳಿಸಿದಳು. ಇಬ್ಬರು ಕೊಳವೆಯ ಪೆಟ್ಟಿಗೆಯನ್ನು ತಂದು ಒಳಗಿಟ್ಟರು. ಅವಳು ಹೊದಿಕೆ ಹೊದಿಸಿ, ನಾಲ್ಕೂ ಕಡೆ ಬೆಲ್ಟು ಬಿಗಿದು, ಕೈಯಿಂದ ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ.

ಗೇಟಿನತ್ತ ತಿರುಗಿಸಲು ಜಾಗವಿರಲಿಲ್ಲ. ಒಡೆದ ಗಾಜನ್ನು ಅಂಗಳದ ತುಂಬ ಗುಡ್ಡೆ ಹಾಕಿದ್ದರು. ಕಾವಲಿನವನು ಹಿಂದೆ ನಿಂತು "ಬನ್ನಿ, ಬನ್ನಿ" ಎಂದು ಕೈಯಾಡಿಸುತ್ತಿದ್ದ. ಅವಳು ಕನ್ನಡಿ ನೋಡುತ್ತ ಅಂಗುಲಂಗುಲವಾಗಿ ಹಿಂದೆ ಸರಿಸಿದಳು. ನಲ್ಲಿಯ ಬಳಿ ಒಬ್ಬ ಹೆಂಗಸು ಮುಖದ ಬಟ್ಟೆ ಬಿಚ್ಚಿ ಮೊಣಕೈತನಕ ತೊಳೆದುಕೊಳ್ಳುತ್ತಿದ್ದಳು. ನೀರಿನ ಜೊತೆ ಇಳಿದ ಹಸಿರು ಹರಳುಗಳು ಆಕೆಯ ಪಾದದ ಸುತ್ತ ಬಿಸಿಲಿಗೆ ಮಿನುಗುತ್ತಿದ್ದವು. ಆಕೆ ವ್ಯಾನಿಗೆ ದಾರಿ ಬಿಡಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಮತ್ತೆ ಕೈಗೆ ನೀರು ಹಿಡಿದಳು.