ತಾಯಿ ಬೆನ್ನು ತೋರಿಸದ ವರ್ಷ

ದಂಡೋತಿಯಲ್ಲಿ ಮದ್ದು ಸುಡುವ ದಿನವನ್ನು ಗೊತ್ತು ಮಾಡುವುದು ಕಾಗಿಣಾ ಹೊಳೆ. ಪಂಚಾಂಗದ ಅಯ್ಯನವರು ಸಹ ಆ ಒಂದು ವಿಷಯದಲ್ಲಿ ಬಾಯಿ ಹಾಕುತ್ತಿರಲಿಲ್ಲ. ದೀಪಾವಳಿ ಕಳೆದು ನೀರು ಇಳಿಯುತ್ತ ಬಂದರೆ ನಡುಹೊಳೆಯಲ್ಲಿ ಮರಳದಿಬ್ಬವೊಂದು ಎಮ್ಮೆ ಬೆನ್ನಿನ ಹಾಗೆ ಮೇಲೇಳುತ್ತಿತ್ತು. ಅಂಬಿಗರ ತಮ್ಮಣ್ಣ ಹರಗೋಲು ಬಿಟ್ಟುಕೊಂಡು ಹೋಗಿ, ಅಲ್ಲಿ ಇಳಿದು, "ತಾಯಿ ಬೆನ್ನು ತೋರ್ಸ್ಯಾಳೋ!" ಎಂದು ಕೂಗಬೇಕು. ಮರುದಿನ ಮುಸ್ಸಂಜೆಗೆ ಆ ದಿಬ್ಬದ ಮೇಲೆ ಬಾಣ, ಬಿರುಸು, ಚಕ್ರ. ಭಂಕೂರದಿಂದ, ವಾಡಿಯಿಂದ ಜನ ಬುತ್ತಿ ಕಟ್ಟಿಕೊಂಡು ಗಾಡಿ ಹೂಡುತ್ತಿದ್ದರು.

ದಂಡೆಯ ಮೇಲೆ ಮದ್ದು ಸುಡುವಂತಿಲ್ಲ. ತಮ್ಮಣ್ಣನ ಮುತ್ತಜ್ಜನ ಕಾಲಕ್ಕೆ ಯಾರೋ ಅವಸರಗೇಡಿಗಳು ಸುಡಲು ಹೋಗಿ, ಕಿಡಿ ಬಣವೆಗೆ ಬಿದ್ದು, ಅರ್ಧ ಊರು ಬೂದಿಯಾಗಿತ್ತಂತೆ. ಅಂದಿನಿಂದ ಅಂಬಿಗರ ಕೂಗಿಲ್ಲದೆ ಬತ್ತಿಗೆ ಬೆಂಕಿಯಿಲ್ಲ. ತಮ್ಮಣ್ಣನಿಗೆ ಹೊಲವಿಲ್ಲ, ಎತ್ತಿಲ್ಲ. ಆದರೆ ಆ ಒಂದು ಕೂಗಿಗಾಗಿ ಗೌಡರೂ ಕಿವಿ ನಿಮಿರಿಸಿ ಕೂಡುತ್ತಿದ್ದರು.

ಈ ವರ್ಷ ದಿಬ್ಬ ಏಳಲೇ ಇಲ್ಲ.

ತಮ್ಮಣ್ಣ ದಿನಾ ಮುಂಜಾನೆ ಹುಟ್ಟುಗೋಲು ಇಳಿಸಿ ನೋಡುತ್ತಿದ್ದ. ನಿನ್ನೆ ಎಲ್ಲಿಯವರೆಗೆ ತೊಯ್ದಿತ್ತೋ ಇಂದೂ ಅಲ್ಲಿಯವರೆಗೇ. ನೀರು ತರಲು ಬಂದ ಸೂಗಮ್ಮ ಕೊಡ ತಿಕ್ಕುತ್ತ ಕೆಣಕುತ್ತಿದ್ದಳು:

"ಏನ್ ಮಾವ, ನಿಮ್ಮ ತಾಯಿ ಇನ್ನಾ ಮಲಗ್ಯಾಳೇನು? ಎಬ್ಬಸ್ರಿ, ಚಾ ಕೊಡೂನು!"

"ಏಳ್ತಾಳ ತಗೋ, ನಿನ್ನಂಗ ಮಾತಿಗಿ ಮುಂದ ಏಳಾಕಿ ಅಲ್ಲ ಆಕಿ," ಎಂದು ತಮ್ಮಣ್ಣ ನಕ್ಕ. ಮೇಲೆ ಚಿಂಚೋಳಿ ಕಡೆ ಮಳೆಯಾಗಿರಬೇಕೆಂದು ಆ ಕಡೆಯಿಂದ ಬಂದವರನ್ನು ಕೇಳಿದ. "ಮಳಿ ಎಲ್ಲಿದು ಮಾರಾಯ, ಜ್ವಾಳ ಬಾಡಾಕತ್ತಾವ" ಎಂದರು. ತನ್ನ ಕಣ್ಣೇ ಮಂಜಾಯಿತೇ? ತಾಯಿಗೆ ಏನಾದರೂ ಸಿಟ್ಟು ಬಂತೇ? ಹೆಂಡತಿಗೆ ಹೇಳದೆ ಒಂದು ತೆಂಗಿನಕಾಯಿ ಒಡೆದೂ ನೋಡಿದ.

ಕೊನೆಗೆ ಹೆಂಡತಿ ಭೀಮಬಾಯಿಯೇ ರೊಟ್ಟಿ ಬಡಿಯುತ್ತ ಹೇಳಿದಳು: "ಕೆಳಗ ಕಟ್ಟಿ ಕಟ್ಟೀರಲ್ಲ, ನೀರು ಹ್ಯಾಂಗ ಇಳೀತದ?"

ತಮ್ಮಣ್ಣನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಕಟ್ಟೀರಲ್ಲ ಎಂದಳು, ಕಟ್ಟ್ಯಾರಲ್ಲ ಅನ್ನಲಿಲ್ಲ. ಖರೇ. ಶಹಾಬಾದಿನ ಫರಸಿಕಲ್ಲಿನ ಸಾವುಕಾರ ಶರಣಬಸಪ್ಪ ಹೊಳೆದಂಡೆಯನ್ನು ಪಟ್ಟಣದಂತೆ ಮಾಡುತ್ತೇನೆಂದು ಬೇಸಿಗೆಯಲ್ಲಿ ಕೆಲಸ ಹಿಡಿದಿದ್ದ. ನೀರಿಗಿಳಿಯಲು ನುಣ್ಣನೆಯ ಪಾವಟಿಗೆ, ಸಂಜೆ ತಿರುಗಾಡಲು ಹಾಸುಗಲ್ಲಿನ ದಾರಿ, ಎರಡು ಸಾಲು ಬೇವು, ಪಾವಟಿಗೆಯ ಬುಡದಲ್ಲಿ ವರ್ಷವಿಡೀ ನೀರು ನಿಲ್ಲಲೆಂದು ಕೆಳಗೊಂದು ಅಡ್ಡಗಟ್ಟೆ. ಅದಕ್ಕೆ ಕಲ್ಲು ಸಾಗಿಸಿದ್ದು ತಮ್ಮಣ್ಣನ ಹರಗೋಲೇ. ಪದ ಹಾಡುತ್ತ ಸಾಗಿಸಿದ್ದ.

ಅಂದೇ ಸಾವುಕಾರನ ಬಳಿ ಹೋದ. ಶರಣಬಸಪ್ಪ ಹೊಸ ಪಾವಟಿಗೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ.

"ಬಾರೋ ತಮ್ಮಣ್ಣ! ಯಾವಾಗ ಕೂಗ್ತಿ? ಚಿತ್ತಾಪುರದ ತಹಶೀಲ್ದಾರ ಸಾಹೇಬ್ರು ಬರ್ತೀನಂದಾರ. ಇಲ್ಲೇ ಕುರ್ಚಿ ಹಾಕಸ್ತೀನಿ."

"ದಿಬ್ಬ ಎದ್ದಿಲ್ರಿ ಸಾವುಕಾರ. ಕಟ್ಟಿ ಅಡ್ಡ ಬಂದದ."

"ಏ, ಮದ್ದಿಗಿ ಮೊದಲ ಪಟ್ಟಿ ರೊಕ್ಕ ಕೊಟ್ಟಾವ ನಾನು! ಮದ್ದು ಬ್ಯಾಡಂತ ನಾ ಅಂದೀನೇನು?"

"ಇಲ್ರಿ."

"ಸರಕಾರ ಅಂದದೇನು?"

"ಇಲ್ರಿ."

"ಮತ್ತ ಯಾರು ಅಡ್ಡ ಬಂದಾರೋ?"

ಯಾರೂ ಅಡ್ಡ ಬಂದಿರಲಿಲ್ಲ. "ಒಂದ್ ನಾಕ್ ದಿನ ಕಟ್ಟಿ ಒಡದ್ರ..." ಎಂದು ತಮ್ಮಣ್ಣ ತೊದಲಿದ.

"ಮನಿಗಿ ಹೋಗಿ ನಿನ್ನ ಹೆಣ್ತಿನ್ನ ಕೇಳ್ಕೊಂಡು ಬಾ. ಆಕಿ ಹೂಂ ಅಂದ್ರ ನಾನೇ ಒಡಸ್ತೀನಿ," ಎಂದು ಸಾವುಕಾರ ಹೊಟ್ಟೆ ಕುಣಿಸಿ ನಕ್ಕ.

ಕೇಳಿದ. ಭೀಮಬಾಯಿ ಸೊಂಟಕ್ಕೆ ಕೈ ಕೊಟ್ಟಳು. "ಬ್ಯಾಸಿಗ್ಯಾಗ ಮರಳಾಗ ವರತಿ ತೋಡಿ, ಚಿಪ್ಪಿಲೆ ನೀರು ತುಂಬಾವ್ರು ಯಾರು, ನೀವೇನು? ಈ ವರ್ಷರೇ ನಮ್ಮ ಬೆನ್ನು ನೆಟ್ಟಗಿರ್ಲಿ ಬಿಡ್ರಿ."

ಆಕೆಯದೂ ಸುಳ್ಳಲ್ಲ. ಸಾವುಕಾರನದೂ ಸುಳ್ಳಲ್ಲ. ಹಾಗಾದರೆ ತನ್ನದು? ಅಷ್ಟರಲ್ಲಿ ಮದ್ದಿನ ಖಾಜಾ ಶಹಾಬಾದಿನಿಂದ ಗಾಡಿ ಹೊಡೆದುಕೊಂಡು ಬಂದ. ಬಂದವನೇ ಒಂದು ಚಿಟಿಕೆ ಮದ್ದನ್ನು ಬೆರಳಲ್ಲಿ ಉಜ್ಜಿ, ಮುಖ ಹುಳ್ಳಗೆ ಮಾಡಿದ.

"ಥಂಡಿ ಹಿಡ್ಯಾಕತ್ತದ ತಮ್ಮಣ್ಣ ಭಾಯಿ. ಇಂದು ಕೂಗಿದಿ, ಆತು. ಇಲ್ಲಾಂದ್ರ ಈ ವರ್ಷ ಬರೇ ಹೊಗಿ ನೋಡ್ರಿ ಎಲ್ಲಾರೂ."

ಆ ಸಂಜೆ ತಮ್ಮಣ್ಣ ಹರಗೋಲು ಬಿಟ್ಟ. ಕೂಗಬೇಕೆಂದಲ್ಲ, ಕೂಗಬಾರದೆಂದೂ ಅಲ್ಲ. ಮನೆಯಲ್ಲಿ ಕೂಡಲಾಗಲಿಲ್ಲ, ಅಷ್ಟೇ. ದಿಬ್ಬವಿರಬೇಕಾದಲ್ಲಿ ಇಳಿದ. ನೀರು ತೊಡೆಯವರೆಗೆ ಬಂತು. ಅಂಗಾಲಿಗೆ ಮಾತ್ರ ಅದೇ ಮರಳು, ಅದೇ ಗಟ್ಟಿ ಬೆನ್ನು. ಆಕೆ ಎದ್ದಿದ್ದಾಳೆ, ನೀರು ಇಳಿದಿಲ್ಲ. ಹೀಗಾದರೆ ಏನು ಕೂಗಬೇಕೆಂದು ಮುತ್ತಜ್ಜ ಹೇಳಿಹೋಗಿರಲಿಲ್ಲ.

ದಂಡೆಯವರಿಗೆ ಆ ಮಬ್ಬಿನಲ್ಲಿ ಕಂಡದ್ದು ನಡುಹೊಳೆಯಲ್ಲಿ ನೆಟ್ಟಗೆ ನಿಂತ ತಮ್ಮಣ್ಣ. "ನಿಂತಾನ ನೋಡ್ರೋ! ಎದ್ದಾಳೋ!" ಎಂದು ಯಾರೋ ಒದರಿದರು. ಹಲಗೆ ಬಡಿತ ಶುರುವಾಯಿತು. ತಮ್ಮಣ್ಣ ಎರಡೂ ಕೈ ಎತ್ತಿ ಬೇಡ ಬೇಡವೆಂದು ಬೀಸಿದ. ಅವರು ಇನ್ನೂ ಜೋರಾಗಿ ಕುಣಿದರು.

ಕೂಗಾಯಿತೆಂದೇ ಊರು ತಿಳಿದಿತ್ತು; ಮರುದಿನ ಖಾಜಾ ನೀರಿನಲ್ಲೇ ಬಿದಿರು ನೆಟ್ಟ. "ಬಿದಿರಿಗೇನು, ಕಾಲು ತೋಯ್ದ್ರ ನೆಗಡಿ ಆಗ್ತದೇನು?" ಎಂದು ನಗುತ್ತ ತುದಿತುದಿಗೆ ಚಕ್ರ, ಬಿರುಸು ಕಟ್ಟಿದ. ಮುಸ್ಸಂಜೆಗೆ ತಮ್ಮಣ್ಣ ಹರಗೋಲಿನಲ್ಲಿ ದೀವಟಿಗೆ ಹಿಡಿದು ಒಂದೊಂದಕ್ಕೇ ಬೆಂಕಿ ಮುಟ್ಟಿಸಿದ. ನಿಂತ ನೀರು ಕನ್ನಡಿಯಂತಿತ್ತು. ಮೇಲೊಂದು ಚಕ್ರ, ಕೆಳಗೊಂದು ಚಕ್ರ; ಮೇಲಿನ ಬಾಣ ಏರಿದರೆ ಕೆಳಗಿನದು ಪಾತಾಳಕ್ಕೆ ಇಳಿಯಿತು. ದಂಡೆಯ ಮೇಲೆ ಮುದುಕರೂ ಬಾಯಿ ತೆರೆದು ನಿಂತರು. ಇಷ್ಟು ಚಂದ ಎಂದೂ ಆಗಿರಲಿಲ್ಲ. ಅದೇ ತಮ್ಮಣ್ಣನಿಗೆ ಬಗೆಹರಿಯಲಿಲ್ಲ. ಕೆಟ್ಟಿದ್ದರೆ ಕಟ್ಟೆಯನ್ನಾದರೂ ಬೈಯಬಹುದಿತ್ತು.

ದಂಡೆಗೆ ಬಂದಾಗ ಶರಣಬಸಪ್ಪ ಓಡಿ ಬಂದು ಹೆಗಲು ತಟ್ಟಿದ. "ನೋಡಿದ್ಯಾ? ಸಾಹೇಬ್ರು ಖುಷ್! ಮುಂದಿನ ವರ್ಷ ಕಟ್ಟಿ ಇನ್ನಷ್ಟು ಎತ್ತರಸ್ತೀನಿ. ಮದ್ದು ಸುಡೂ ದಿನಾನೂ ಸಾಹೇಬ್ರೇ ಗೊತ್ತು ಮಾಡ್ತಾರಂತ. ನಿನಗ ಕೂಗೋ ತ್ರಾಸಿಲ್ಲ."

ಪ್ರೀತಿಯಿಂದಲೇ ಹೇಳಿದ, ಪಾಪ.

ಮನೆಯಲ್ಲಿ ಭೀಮಬಾಯಿ ಕೇಳಿದಳು: "ಚಂದಾತಲ್ಲ?"

"ಭಾಳ ಚಂದಾತು."

"ಮತ್ಯಾಕ ಮಾರಿ ಹಂಗ ಮಾಡೀರಿ?"

"ನಾ ಕೂಗಲೇ ಇಲ್ಲಲ್ಲೇ."

ಮುಂಜಾನೆ ಸುಟ್ಟ ಬಿದಿರು ಕೀಳಲು ಹೋದವನು ಕೀಳುವುದನ್ನು ಬಿಟ್ಟು ಮತ್ತೆ ಆ ಮರಳಿನ ಮೇಲೆ ನಿಂತ. ತೊಡೆಯವರೆಗೆ ನೀರು. ಬಾಯಿಗೆ ಕೈ ಕೊಟ್ಟು "ತಾಯಿ ಬೆನ್ನು..." ಎಂದು ಕೂಗು ಎತ್ತಿದ. ಮುಂದಿನದು ಬರಲಿಲ್ಲ. ತೋರಿಸಿದ್ದಾಳೆ ಅನ್ನಲೋ, ಇಲ್ಲ ಅನ್ನಲೋ?

ದಂಡೆಯಲ್ಲಿ ಸೂಗಮ್ಮ ಒಬ್ಬಳೇ ಇದ್ದಳು. "ಏನ್ ಮಾವ," ಎಂದಳು, ಈ ಸಲ ಕೆಣಕದೆ, "ಯಾರನ್ನ ಕರ್ಯಾಕತ್ತೀರಿ?"

"ಯಾರ್ನೂ ಇಲ್ಲ ಬಿಡವಾ," ಎಂದ ತಮ್ಮಣ್ಣ. "ನೀ ನೀರು ತುಂಬ್ಕೋ."

ಆಕೆ ಪಾವಟಿಗೆಯ ಮೇಲೆ ಕುಳಿತಲ್ಲೇ, ಬೆನ್ನು ಬಗ್ಗಿಸದೆ, ಕೊಡ ತುಂಬಿಕೊಂಡು ಹೋದಳು. ತಮ್ಮಣ್ಣ ಅಲ್ಲೇ ನಿಂತಿದ್ದ.