ಶಿವದೇವಮ್ಮ ನೆಂಟರನ್ನು ಬಾಗಿಲಲ್ಲೇ ತಡೆದ ಕಥೆ

ಯಾರ ಮನೆಯಲ್ಲಾದರೂ ಏನಾದರೂ ಹೆಚ್ಚುಕಡಿಮೆ ಆದರೆ ಬಂಧುಬಳಗದವರೆಲ್ಲ ಹೋಗಿ ಮಾತಾಡಿಸಿಕೊಂಡು ಬರಬೇಕು. ಇದು ನಮ್ಮ ಉತ್ತರ ಕರ್ನಾಟಕದ ಪದ್ಧತಿ. ಲಿಂಗಸುಗೂರಿನಿಂದ ಹೈದರಾಬಾದಿಗೆ ಬಂದು ಮೂವತ್ತು ವರ್ಷವಾದರೂ ತಾರ್ನಾಕದ ಶಿವದೇವಮ್ಮ ಈ ಪದ್ಧತಿ ಬಿಟ್ಟವರಲ್ಲ. ತಾವೂ ಹೋಗುತ್ತಾರೆ, ತಮ್ಮ ಮನೆಗೆ ಬಾರದವರನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡು ಆಡಿಕೊಳ್ಳುತ್ತಾರೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಅವರ ಮನೆಗೇ ಜನ ಬರುವ ಪ್ರಸಂಗ ಬಂತು. ಸೊಸೆ ಶೈಲಶ್ರೀ ಏಳು ವರ್ಷದ ಮಗಳು ಮಾನ್ಯಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಿಕಂದರಾಬಾದಿನಿಂದ ಬರುತ್ತಿದ್ದಳು. ಪಕ್ಕದಲ್ಲಿ ಬಸ್ಸೊಂದು ಜೋರಾಗಿ ಹಾರ್ನ್ ಹೊಡೆಯಿತು. ಸ್ಕೂಟರ್ ಜಾರಿತು. ಶೈಲಶ್ರೀಗೆ ಮೊಣಕಾಲು ತರಚಿತು, ಮಾನ್ಯಾಳ ಎಡಗೈ ಮುರಿಯಿತು.

ದೇವರು ದೊಡ್ಡವನು, ಮಗು ಬೇಗ ಚೇತರಿಸಿಕೊಂಡಳು. ಪ್ಲಾಸ್ಟರ್ ಮೇಲೆ ಕ್ಲಾಸಿನವರೆಲ್ಲರಿಂದ ಚಿತ್ರ ಬರೆಸಿಕೊಂಡು, ರಾಣಿಯ ಹಾಗೆ ಕೈ ಮುಂದೆ ಮಾಡಿಕೊಂಡು ಓಡಾಡಿದಳು. ಕುಸಿದು ಹೋದವಳು ತಾಯಿ. ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಬೀದಿಯಲ್ಲಿ ಹಾರ್ನ್ ಕೇಳಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಮಗಳನ್ನು ಮುಟ್ಟುವುದನ್ನೇ ಬಿಟ್ಟಳು. ಮಾನ್ಯಾ ತೊಡೆ ಏರಲು ಬಂದರೆ ಎದ್ದು ಆಚೆ ಹೋಗುತ್ತಿದ್ದಳು.

ಶಿವದೇವಮ್ಮನ ಹತ್ತಿರ ಇದಕ್ಕೆ ಔಷಧಿ ಇತ್ತು: ಜನ. ತಾವೇ ಫೋನ್ ಮಾಡಿ ಎಲ್ಲರನ್ನೂ ಕರೆದರು. ದಿನಾ ಸಂಜೆ ಚಾಪೆ ಹಾಸಿ, ಚುರುಮುರಿ ಸುಸಲಾ, ಚಹಾ. ನಡುವೆ ಸೊಸೆ.

“ಹೇಳವ್ವಾ, ಹೆಂಗಾತು ಹೇಳು. ಹೇಳಿದ್ರ ಎದಿ ಹಗರ ಆಗ್ತೈತಿ.”

ಶೈಲಶ್ರೀ ಹೇಳುತ್ತಿದ್ದಳು. ಏನಾದರೂ ಬಿಟ್ಟರೆ ಅತ್ತೆ ಎತ್ತಿ ಕೊಡುತ್ತಿದ್ದರು. “ಬಸ್ಸಿನ ಹಾರ್ನ್ ಹೇಳಲೇ ಇಲ್ಲಲ್ಲ ನೀ?” ಬಂದವರು ಕಣ್ಣೊರೆಸಿಕೊಂಡು, ಎರಡನೇ ಕಪ್ ಚಹಾ ಕುಡಿದು ಹೋಗುತ್ತಿದ್ದರು. ಶೈಲಶ್ರೀ ಚಾಪೆಯ ಮೇಲೆ ಹಾಗೇ ಕೂತಿರುತ್ತಿದ್ದಳು, ಏಳಲು ಶಕ್ತಿಯಿರುತ್ತಿರಲಿಲ್ಲ.

ಮೂರನೇ ವಾರ ಮೇಲಿನ ಮನೆಯ ಕಮಲಾಕ್ಷಿ ಬಂದರು. ಚಿತ್ರದುರ್ಗದ ಕಡೆಯವರು, ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಅವರು ಕಥೆ ಕೇಳಲಿಲ್ಲ, ಹೊರಗೆ ಹಾರ್ನ್ ಕೇಳಿ ಶೈಲಶ್ರೀ ಕಿವಿ ಮುಚ್ಚಿಕೊಂಡದ್ದನ್ನು ನೋಡಿದರು. ಆಮೇಲೆ ಶಿವದೇವಮ್ಮನನ್ನು ಬಾಲ್ಕನಿಗೆ ಕರೆದರು.

“ಇವಳನ್ನ ಕೌನ್ಸೆಲರ್ ಹತ್ತಿರ ಕರ್ಕೊಂಡು ಹೋಗೋಣ ಶಿವದೇವಮ್ಮ.”

“ಯಾಕ್ರೀ, ನನ್ನ ಸೊಸಿಗೇನು ಹುಚ್ಚು ಹಿಡದೈತೇನು?”

“ಇಲ್ಲ. ಮಾನ್ಯಾ ಬಿದ್ದಾಗ ಪ್ಲಾಸ್ಟರ್ ಹಾಕಿಸಿದ್ರಲ್ಲ, ಅವಳಿಗೇನು ಮೊದಲಿಂದ ಕಾಯಿಲೆ ಇತ್ತಾ? ಪೆಟ್ಟು ಬಿತ್ತು, ಕಟ್ಟು ಹಾಕಿಸಿದ್ರಿ. ಶೈಲಾಗೂ ಪೆಟ್ಟೇ ಬಿದ್ದಿರೋದು, ಮನಸ್ಸಿಗೆ.”

“ಒಮ್ಮಿ ಹೋದ್ರ ಜೀವನ ಪೂರ್ತಿ ಹೋಗಬೇಕಂತ. ಗುಳಗಿ ನುಂಗಿಸಿ ಮಲಗಿಸಿಬಿಡ್ತಾರಂತ.”

“ಯಾರು ಹೇಳಿದ್ದು?”

“ನಾನs ಹೇಳಾಕತ್ತೀನಲ್ರಿ.”

ಕಮಲಾಕ್ಷಿ ನಕ್ಕುಬಿಟ್ಟರು. “ಕೇಳಿ ಇಲ್ಲಿ. ಇದು ಇಂಥ ಸಂಕಟದ ಹೊತ್ತಿಗೇ ಅಂತ ಇರೋ ಚಿಕಿತ್ಸೆ. ಸಾಮಾನ್ಯವಾಗಿ ಕೆಲವೇ ವಾರ, ಐದಾರು ಸಲ ಹೋದ್ರೆ ಸಾಕಾಗುತ್ತೆ. ಹಳೇದನ್ನೆಲ್ಲ ಕೆದಕೋದಿಲ್ಲ. ಈಗ ಯಾವುದು ತಡೆಯೋಕಾಗ್ತಿಲ್ಲ, ಇವತ್ತಿನ ದಿನ ಹೇಗೆ ಕಳೆಯೋದು, ನಾಳೆ ಏನು ಮಾಡೋದು, ಅಷ್ಟೇ. ಔಷಧಿ ಬೇಕು ಅನ್ನಿಸಿದ್ರೆ ಡಾಕ್ಟರ್ ಹತ್ತಿರ ಕಳಿಸ್ತಾರೆ.”

“ಮಾತಾಡೂದಾದ್ರ ನಾವs ದಿನಾ ಮಾತಾಡಿಸಾಕತ್ತೀವಲ್ರಿ,” ಎಂದು ಶಿವದೇವಮ್ಮ ಒಳಗೆ ಹೋಗಿಬಿಟ್ಟರು. ಶೈಲಶ್ರೀಯ ಗಂಡ ಶಾಂತಕುಮಾರ ಅಲ್ಲೇ ಕೂತಿದ್ದ. ಅವನಿಗೂ ಕಮಲಾಕ್ಷಿಯವರ ಮಾತೇ ಸರಿ ಅನಿಸಿತ್ತು. ಆದರೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನೂರು ಜನರಿಗೆ ಹುಕುಂ ಕೊಡುವ ಆ ಮನುಷ್ಯನಿಗೆ ತಾಯಿಯ ಮುಂದೆ ಬಾಯಿ ಬರುವುದಿಲ್ಲ.

ಅವತ್ತು ಸಂಜೆ ಮಾನ್ಯಾ ಅಜ್ಜಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು. “ಅಜ್ಜಿ, ಮಮ್ಮಿ ನನ್ನ ಮ್ಯಾಲ ಸಿಟ್ಟಾಗ್ಯಾಳೇನು? ನಾ ಕೈ ಮುರ್ಕೊಂಡೆ ಅಂತ?”

ಶಿವದೇವಮ್ಮ ಮೊಮ್ಮಗಳ ತಲೆ ಸವರಿದರು. ಎದ್ದು ಹೋಗಿ ಮೇಲಿನ ಮನೆಯ ಬಾಗಿಲು ತಟ್ಟಿದರು. “ಎಷ್ಟೊತ್ತಿಗೆ ಹೋಗೂದ್ರಿ ನಾಳೆ?”

ಮರುದಿನ ಬೆಳಿಗ್ಗೆ ದವಾಖಾನೆಯ ಒಂದು ಪುಟ್ಟ ಕೋಣೆಯಲ್ಲಿ ಕೌನ್ಸೆಲರ್ ವರ್ಷಾ ಕೂತಿದ್ದಳು. ಚಿಕ್ಕ ವಯಸ್ಸಿನ ಹುಡುಗಿ. ಮೊದಲು ತೆಲುಗಿನಲ್ಲಿ ಮಾತಾಡಿಸಿದಳು. ಶೈಲಶ್ರೀ ಚೊಕ್ಕ ತೆಲುಗಿನಲ್ಲಿ “ಏಮೀ ಲೇದಂಡಿ, ಬಾಗಾನೇ ಉನ್ನಾನು” ಅಂದಳು, ಏನೂ ಇಲ್ಲ, ಚೆನ್ನಾಗಿದ್ದೀನಿ ಅಂತ. ಅವಳ ತೆಲುಗು ತರಕಾರಿ ಅಂಗಡಿಯಲ್ಲಿ ಕಲಿತದ್ದು. ಅದರಲ್ಲಿ ಅಳಲು ಅವಳಿಗೆ ಬರುವುದಿಲ್ಲ.

“ನಾನೂ ಬಳ್ಳಾರಿಯಾಕಿರಿ,” ಅಂದಳು ವರ್ಷಾ. “ಕನ್ನಡದಾಗs ಮಾತಾಡೋಣ. ಅತ್ತಿಯವರು ಇಲ್ಲೇ ಇರಲೋ, ಹೊರಗ ಕೂಡಲೋ? ನೀವು ಹೆಂಗಂತೀರಿ ಹಂಗ.”

ಶಿವದೇವಮ್ಮ ಆಗಲೇ ಅರ್ಧ ಎದ್ದಿದ್ದರು, ಹೊರಗೆ ಕಳಿಸುತ್ತಾಳೆ ಅಂತ. ಶೈಲಶ್ರೀ, “ಇರಲಿ ಬಿಡ್ರಿ” ಅಂದಳು. ಶಿವದೇವಮ್ಮ ಖುಷಿಯಿಂದ ಕೂತು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. “ಏನಾತಂದ್ರ, ಅವತ್ತು ಬಸ್ಸಿನವ…”

“ಅಮ್ಮಾ, ಆ ಕಥಿ ಇವತ್ತು ಬ್ಯಾಡ್ರಿ.”

“ಮತ್ತ ನಾವು ಬಂದಿದ್ದು ಯಾತಕ್ಕ?”

“ಅವರಿಗೆ ಹೇಳಬೇಕು ಅನಿಸಿದಾಗ ಅವರs ಹೇಳ್ತಾರ. ಒತ್ತಾಯ ಮಾಡಿ ಮತ್ತ ಮತ್ತ ಹೇಳಿಸಿದ್ರ, ಪ್ರತಿ ಸಲಾನೂ ಹೊಸದಾಗಿ ಬಿದ್ದಂಗ ಆಗ್ತೈತ್ರಿ.”

ಶಿವದೇವಮ್ಮ ಮನಸ್ಸಿನಲ್ಲೇ ಬಂದುಹೋದವರನ್ನೆಲ್ಲ ನೆನೆದರು. ಕರೆದವರು ತಾವೇ. ಬಿಟ್ಟದ್ದನ್ನು ನೆನಪಿಸಿದವರೂ ತಾವೇ. ಶುರು ಮಾಡಿದ ಕಥೆಯನ್ನು ಅವರು ಅರ್ಧಕ್ಕೇ ಬಿಟ್ಟದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ವರ್ಷಾ ನಿಧಾನವಾಗಿ ಒಂದೊಂದೇ ಕೇಳಿದಳು. ನಿದ್ದೆ, ಊಟ, ಮಗು. ಆಮೇಲೆ ನೇರವಾಗಿ ಕೇಳಿದಳು. “ಜೀವಾನs ಬ್ಯಾಡ ಅಂತ ಅನಿಸೇತೇನ್ರಿ?”

“ಏನ ಕೇಳಾಕತ್ತೀ ಯವ್ವಾ ನೀ,” ಶಿವದೇವಮ್ಮ ಗಾಬರಿಯಾದರು. “ಇಲ್ಲದ್ದನ್ನ ತಲಿಯಾಗ ತುಂಬಬ್ಯಾಡ.”

“ಕೇಳಿದ್ರ ತುಂಬೂದಿಲ್ರಿ ಅಮ್ಮಾ. ಒಳಗಿದ್ರ ಹೇಳಾಕ ಧೈರ್ಯ ಬರ್ತೈತಿ.”

ಶೈಲಶ್ರೀ ತಲೆ ತಗ್ಗಿಸಿದಳು. “ಅನಿಸೇತ್ರಿ. ನಾ ಇಲ್ಲಾಂದ್ರ ಮಾನ್ಯಾಗ ಇನ್ನೇನೂ ಆಗೂದಿಲ್ಲ ಅಂತ.” ಹೇಳಿದವಳೇ ಅತ್ತಳು. ಇಷ್ಟು ದಿನ ಬೇರೆಯವರು ಅತ್ತು ಹೋಗಿದ್ದರು, ಇವತ್ತು ಅವಳು ಅತ್ತಳು. ಶಿವದೇವಮ್ಮ ಅವಳನ್ನು ಎದೆಗೊತ್ತಿಕೊಂಡರು. “ಊರ ಮಂದಿಗೆಲ್ಲಾ ಹೇಳಿಸಿದೆ, ಇದೊಂದು ನಾ ಕೇಳಲಿಲ್ಲಲ್ಲವ್ವಾ,” ಎಂದು ತಾವೂ ಅತ್ತರು.

ಅವತ್ತೇ ಮೂವರೂ ಕೂತು ಒಂದು ಹಾಳೆಯಲ್ಲಿ ಬರೆದರು. ಆ ವಿಚಾರ ಮತ್ತೆ ಬಂದರೆ ಮೊದಲು ಯಾರಿಗೆ ಹೇಳುವುದು? ಶೈಲಶ್ರೀ “ಅತ್ತಿ” ಅಂತ ಬರೆದಳು. ಆಮೇಲೆ ಶಾಂತಕುಮಾರ, ಕಮಲಾಕ್ಷಿ, ಸಹಾಯವಾಣಿಯ ನಂಬರ್. ಕೆಲವು ದಿನ ಅವಳನ್ನು ಒಬ್ಬಳನ್ನೇ ಬಿಡುವುದಿಲ್ಲ ಅಂತ ಮನೆಯವರು ಒಪ್ಪಿದರು. ವರ್ಷಾ ಅಲ್ಲಿಯ ಮನೋವೈದ್ಯರಿಗೂ ತೋರಿಸಿದಳು. ಹೊರಡುವಾಗ ಶಿವದೇವಮ್ಮನಿಗೂ ಒಂದು ಕೆಲಸ ಕೊಟ್ಟಳು. “ಬಂದವರು ಆ ಸುದ್ದಿ ತೆಗೀದಂಗ ನೋಡ್ಕೊಳ್ರಿ.”

ಆ ಕೆಲಸಕ್ಕೆ ಇವರಿಗಿಂತ ಯೋಗ್ಯರು ಇಡೀ ತೆಲಂಗಾಣದಲ್ಲಿ ಸಿಗುತ್ತಿರಲಿಲ್ಲ. ಲಿಂಗಸುಗೂರಿನಿಂದ ಅವರ ಸ್ವಂತ ಅಣ್ಣ ಹಣಮಂತರಾಯರು ಬಸ್ಸಿಳಿದು ಬಂದರೆ, ಮೆಟ್ಟಿಲ ಮೇಲೇ ತಡೆದು ಅಲ್ಲೇ ಚಹಾ ಕೊಟ್ಟರು.

“ಒಳಗ ಬರಬೇಕಂದ್ರ ಬಿದ್ದಿದ್ದರ ಸುದ್ದಿ ಕೇಳಂಗಿಲ್ಲ ನೋಡಣ್ಣಾ.”

“ಅದನ್ನ ಕೇಳಾಕs ಬಂದೀನಲ್ಲವಾ. ಮತ್ತೇನು ಮಾತಾಡ್ಲಿ?”

“ನಿನ್ನ ಎಮ್ಮಿ ಸುದ್ದಿ ಮಾತಾಡು.”

ಪಾಪ, ಅವರು ಒಳಗೆ ಬಂದು ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. ಆಮೇಲೆ ನಿಜಕ್ಕೂ ಎಮ್ಮೆಯ ಸುದ್ದಿ ತೆಗೆದರು. ಅದು ಹಗ್ಗ ಹರಿದುಕೊಂಡು ಪಕ್ಕದ ಮನೆಯ ಸೀಮಂತಕ್ಕೆ ನುಗ್ಗಿ, ಹೋಳಿಗೆಯ ಬುಟ್ಟಿಗೆ ಬಾಯಿ ಹಾಕಿ, ಬಸುರಿಗಿಂತ ಮೊದಲು ಉಂಡು ಬಂದಿತ್ತಂತೆ. ಶೈಲಶ್ರೀ ಫಕ್ಕನೆ ನಕ್ಕಳು. ಅಡುಗೆಮನೆಯಲ್ಲಿದ್ದ ಶಿವದೇವಮ್ಮ ಆ ನಗು ಕೇಳಿ ಒಲೆ ಆರಿಸಿ ಹೊರಗೆ ಬಂದರು. ಇಪ್ಪತ್ತೈದು ದಿನವಾಗಿತ್ತು ಅದನ್ನು ಕೇಳಿ.

ಮುಂದೆ ಎಲ್ಲ ಸಲೀಸಾಗಿ ಆಯಿತು ಅಂದರೆ ಸುಳ್ಳಾಗುತ್ತದೆ. ಎದೆ ಹೊಡೆದುಕೊಂಡಾಗ ಪಾದ ನೆಲಕ್ಕೆ ಒತ್ತಿ ನಿಧಾನವಾಗಿ ಉಸಿರು ಬಿಡುವುದನ್ನು ವರ್ಷಾ ಕಲಿಸಿದಳು. ದಿನಕ್ಕೆ ಒಂದೇ ಸಣ್ಣ ಕೆಲಸ ಅಂದಳು. ಶೈಲಶ್ರೀ ಒಂದು ದಿನ ಮಗಳಿಗೆ ತುತ್ತು ಕೊಟ್ಟಳು, ಇನ್ನೊಂದು ದಿನ ಸ್ನಾನ ಮಾಡಿಸಿದಳು. ಆಮೇಲೆ ಅತ್ತೆಯ ಜೊತೆ ದೊಡ್ಡ ರಸ್ತೆಯ ತನಕ ಹೋಗಿ ನಿಂತು ಬಂದಳು. ನಡುವೆ ಒಂದು ದಿನ ಹಾರ್ನ್ ಕೇಳಿ ಫುಟ್‌ಪಾತ್ ಮೇಲೇ ಕುಸಿದು ಕೂತಳು. ಎಲ್ಲ ಹಾಳಾಯಿತು ಅಂತ ಶಿವದೇವಮ್ಮ ಫೋನ್ ಮಾಡಿದರೆ, “ಹಂಗ ಆಗ್ತೈತ್ರಿ ಅಮ್ಮಾ, ನಾಳೆ ಮತ್ತ ಹೋಗ್ರಿ” ಅಂದಳು ವರ್ಷಾ. ಮತ್ತೆ ಹೋದರು. ಆರನೇ ಭೇಟಿಯಲ್ಲಿ ವರ್ಷಾ, “ಇನ್ನ ಬೇಕನಿಸಿದ್ರ ಬರ್ರಿ, ಇಲ್ಲಂದ್ರ ಮದುವಿ ಆಮಂತ್ರಣ ಏನಾರ ಇದ್ರ ಕೊಡಾಕ ಬರ್ರಿ” ಅಂತ ನಕ್ಕು ಕಳಿಸಿದಳು.

ಜನವರಿ ಬಂತು, ನಾಂಪಲ್ಲಿಯಲ್ಲಿ ನುಮಾಯಿಶ್ ವಸ್ತುಪ್ರದರ್ಶನ ಶುರುವಾಯಿತು. ಮಾನ್ಯಾಳ ಕೈ ಕೂಡಿತ್ತು, ದೊಡ್ಡ ಚಕ್ರದಲ್ಲಿ ಕೂರಲೇಬೇಕು ಅಂತ ಹಟ. ಎಲ್ಲರೂ ಹೊರಟರು. ಮೈದಾನದ ಮುಂದಿನ ರಸ್ತೆಯಲ್ಲಿ ಆಟೋ, ಬಸ್ಸು, ಬೈಕುಗಳ ಹಾರ್ನೋ ಹಾರ್ನು. ಸೊಸೆ ಈಗ ಮಗಳ ಕೈ ಬಿಟ್ಟು ಹಿಂದೆ ಸರಿದರೆ ಏನು ಗತಿ ಅಂತ ಶಿವದೇವಮ್ಮ ಅವಳನ್ನೇ ನೋಡುತ್ತ ನಿಂತರು.

ಶೈಲಶ್ರೀಯ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಚಪ್ಪಲಿ ಹಾಕಿದ ಪಾದವನ್ನು ನೆಲಕ್ಕೆ ಒತ್ತಿದಳು, ನಿಧಾನವಾಗಿ ಉಸಿರು ಬಿಟ್ಟಳು. ಒಂದು ಕೈಯಲ್ಲಿ ಮಾನ್ಯಾಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈ ಚಾಚಿದಳು.

“ಅತ್ತೀ, ಕೈ ಕೊಡ್ರಿ. ಗಾಡಿ ಭಾಳ ಬರಾಕತ್ತಾವು, ನಾ ದಾಟಿಸ್ತೀನಿ.”

ದಾಟಿಸಿದಳು. ಸ್ವಲ್ಪ ಹೊತ್ತಿಗೆ ತಾಯಿ ಮಗಳು ಚಕ್ರದ ತುದಿಯಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕಿರುಚುತ್ತಿದ್ದರು. ಕೆಳಗೆ ಶಿವದೇವಮ್ಮ ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಂಗಸಿಗೆ, ಕೇಳಲಿ ಬಿಡಲಿ, ಕೌನ್ಸೆಲಿಂಗ್ ಅಂದರೇನು ಅಂತ ತಿಳಿಸಿ ಹೇಳುತ್ತಿದ್ದರು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಿಗೋ ದೊಡ್ಡ ಪೆಟ್ಟು ಬಿದ್ದಿರಬಹುದು. ಅಪಘಾತ, ಸಾವು, ಮುರಿದ ಸಂಬಂಧ, ಹೋದ ಕೆಲಸ, ಏನೇ ಇರಲಿ. ಊಟ ನಿದ್ದೆ ಬಿಟ್ಟು ಒಳಗೊಳಗೇ ಕುಸಿಯುತ್ತಿದ್ದರೆ ತಾನಾಗಿ ಸರಿಹೋಗುತ್ತದೆ ಅಂತ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲಿರುಳೂ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ತಕ್ಷಣ ದವಾಖಾನೆಗೆ ಕರೆದುಕೊಂಡು ಹೋಗಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ಮಾತಾಡಿಸಲು ಖಂಡಿತ ಹೋಗಿ. ಆದರೆ ಏನಾಯಿತು ಅಂತ ಕೇಳಬೇಡಿ. “ಊಟ ಆಯ್ತಾ? ನಾಳೆ ನಿನ್ನ ಜೊತೆ ನಾನೂ ಬರಲಾ?” ಅಂತ ಕೇಳಿ.