ಮೂರು ನಿಮಿಷದ ಪಟ್ಟಿ

ಚನ್ನಗಿರಿಯ ಮುರುಗೇಶಪ್ಪನವರ ಅಡಿಕೆ ಮಂಡಿಯಲ್ಲಿ ಎರಡು ಕಂಪ್ಯೂಟರ್‌ಗಳಿದ್ದವು. ಹಿಂದಿನ ಗೋದಾಮಿನಲ್ಲಿ ಒಂದು, ಮುಂದಿನ ಆಫೀಸಿನಲ್ಲಿ ಒಂದು. ನಡುವೆ ಗೋಡೆ ತೂತು ಮಾಡಿ ಎಳೆದ ಬೂದು ಬಣ್ಣದ ವೈರು. ಯಾವ ರೈತರದು ರಾಶಿ ಅಡಿಕೆ ಎಷ್ಟು ಚೀಲ, ಬೆಟ್ಟೆ ಅಡಿಕೆ ಎಷ್ಟು ಚೀಲ ಎಂಬ ದಿನದ ಪಟ್ಟಿ ಗೋದಾಮಿನಿಂದ ಆಫೀಸಿಗೆ ಮೂರು ನಿಮಿಷದಲ್ಲಿ ಬರುತ್ತಿತ್ತು, 1989ರ ದಸರೆಯವರೆಗೆ.

ಹಬ್ಬ ಮುಗಿದ ಮೇಲೆ ಅದೇ ಪಟ್ಟಿಗೆ ನಲವತ್ತು ನಿಮಿಷ ಹಿಡಿಯತೊಡಗಿತು. ಆಯುಧಪೂಜೆಯ ಬೆಳಿಗ್ಗೆಯೇ ಮಂಡಿಯ ಟೈಪಿಸ್ಟ್ ರುದ್ರಾಣಿ ಎರಡೂ ಯಂತ್ರಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದಳು. ಅದು ಬೇಕೇ ಬೇಕೆಂದು ತಿಂಗಳುಗಟ್ಟಲೆ ಸಾಹುಕಾರರ ಬೆನ್ನು ಹತ್ತಿದ್ದವಳೂ ಅವಳೇ.

"ಇವತ್ತು ಸಂಜೆವರೆಗೆ ನೋಡ್ತೀನಿ," ಎಂದರು ಮುರುಗೇಶಪ್ಪ. "ಸರಿ ಹೋಗ್ಲಿಲ್ಲ ಅಂದ್ರೆ ಎರಡನ್ನೂ ವಾಪಸ್ ಕಳಿಸ್ತೀನಿ. ನೀನು ಮತ್ತೆ ಟೈಪ್‌ರೈಟರ್ ಕುಟ್ಟಾಕೆ ಕೂತ್ಕೋ."

"ಹೊಸ ಸೊಸೆ ಅಲ್ವೇನ್ರೀ, ಮೆಲ್ಲಗೆ ನಡೀತಾಳೆ," ಎಂದರು ಹಿರಿಯ ಗುಮಾಸ್ತ ಪಂಚಾಕ್ಷರಪ್ಪ, ಕಂಪ್ಯೂಟರಿನತ್ತ ಗದ್ದ ತೋರಿಸಿ, ಎಲೆಗೆ ಸುಣ್ಣ ಸವರುತ್ತ.

ರುದ್ರಾಣಿಗೆ ನಗು ಬರಲಿಲ್ಲ. ಬಿಎಸ್ಸಿಯ ಪ್ರಯೋಗಾಲಯದಲ್ಲಿ ಕಲಿತದ್ದು ಒಂದಿತ್ತು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡೂ ಕಡೆ ಹಳೆಯ ಸಿಸ್ಟಮ್‌ನ ಫ್ಲಾಪಿ ಹಾಕಿ ಶುರು ಮಾಡಿ, ಪಟ್ಟಿ ಕಳಿಸಿದಳು. ಮೂವತ್ತೊಂಬತ್ತು ನಿಮಿಷ! ಅವಳಿಗೆ ಹೋದ ಜೀವ ಬಂದಂತಾಯಿತು. ಹಳೆಯದರಲ್ಲೂ ನಿಧಾನವೆಂದರೆ ತಪ್ಪು ಹೊಸದರದ್ದಲ್ಲ.

ಪರದೆಯ ಮೂಲೆಯಲ್ಲಿ ಸಣ್ಣ ಸಂಖ್ಯೆಯೊಂದು ಏರುತ್ತಲೇ ಇತ್ತು. ಆಚೆಗೆ ಸರಿಯಾಗಿ ಮುಟ್ಟದ ಪಟ್ಟಿಯ ತುಣುಕುಗಳನ್ನು ಯಂತ್ರ ಎಷ್ಟು ಸಲ ಮತ್ತೆ ಕಳಿಸಿತು ಎಂಬ ಎಣಿಕೆ ಅದು. ಕಿವಿ ಮಂದವಾದವರಿಗೆ ಹೇಳಿದ್ದನ್ನೇ ಹೇಳುವ ಹಾಗೆ. ಹಾಗಾದರೆ ಮಾತು ಕೆಡುತ್ತಿರುವುದು ದಾರಿಯಲ್ಲಿ.

"ದೊಡ್ಡಪ್ಪಾ, ಪೂಜೆ ದಿನ ಈ ವೈರನ್ನ ಯಾರಾದ್ರೂ ಮುಟ್ಟಿದ್ರಾ?" ಎಂದು ಪಂಚಾಕ್ಷರಪ್ಪನವರನ್ನು ಕೇಳಿದಳು.

"ನಾನೇ. ಮುಟ್ಟದೆ ಪೂಜೆ ಹೆಂಗೆ ಮಾಡಾಕೆ ಬರ್ತೈತೆ?"

ಯಂತ್ರಗಳನ್ನು ಆರಿಸಿ ರುದ್ರಾಣಿ ಆ ವೈರಿನ ತುದಿಯ ಪ್ಲಗ್ಗು ಎಳೆದಳು. ಸೂಜಿಯಂಥ ಪಿನ್ನುಗಳ ಸುತ್ತ ಬಿಳಿಯದೇನೋ ಒಣಗಿ ಗಟ್ಟಿಯಾಗಿತ್ತು. ಮೂರು ಪಟ್ಟೆಗಳ ಗುರುತು ಇನ್ನೂ ಕಾಣುತ್ತಿತ್ತು.

"ವಿಭೂತೀನಾ?"

"ಮತ್ತೇನು? ತಕ್ಕಡಿಗೆ ಹಚ್ಚಿದೆ, ಬೀಗಕ್ಕೆ ಹಚ್ಚಿದೆ. ಇದಕ್ಕೆ ಹಣೆ ಎಲ್ಲೈತೆ ಅಂತ ತಿಳೀಲಿಲ್ಲ. ಮಾತೆಲ್ಲ ಇದರಿಂದಲೇ ಹೋಗ್ತೈತೆ ಅಂತ ನೀನೇ ಹೇಳಿದ್ದೆಯಲ್ಲವ್ವಾ! ಬಿಚ್ಚಿ, ನೀರಲ್ಲಿ ಕಲಸಿ ಚೆಂದಾಗಿ ಹಚ್ಚಿ, ಮತ್ತೆ ಸಿಗಿಸಿದೆ."

ರುದ್ರಾಣಿ ಹಳೆಯ ಬ್ರಷ್ಷನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ಪಿನ್ನು ಉಜ್ಜಿದಳು. ಪ್ಲಗ್ಗು ಚೆನ್ನಾಗಿ ಆರಲೆಂದು ಪಂಚಾಕ್ಷರಪ್ಪ ಬಾಗಿ ಉಫ್ ಉಫ್ ಎಂದು ಊದಿದರು. ಹೊಸ ಸಿಸ್ಟಮ್‌ನಲ್ಲೇ ಪಟ್ಟಿ ಹೊರಟಿತು. ಎರಡು ನಿಮಿಷ ಐವತ್ತು ಸೆಕೆಂಡು. ಮೂಲೆಯ ಸಂಖ್ಯೆ ಸೊನ್ನೆಯಿಂದ ಕದಲಲಿಲ್ಲ.

"ಏನಾಗಿತ್ತು?" ಮುರುಗೇಶಪ್ಪ ಬಂದು ಕೇಳಿದರು.

"ವೈರಿನ ತುದಿಗೆ ಧೂಳು ಕೂತಿತ್ತು, ಸಾಹುಕಾರ್ರೆ."

"ಧೂಳಲ್ಲ ಬಿಡ್ರೀ," ಎಂದರು ಪಂಚಾಕ್ಷರಪ್ಪ. "ನಾ ಹಚ್ಚಿದ ವಿಭೂತಿ. ಹುಡುಗಿ ನನ್ನ ಮಾನ ಉಳಿಸಾಕೆ ಸುಳ್ಳು ಹೇಳ್ತಾಳೆ."

ಮುರುಗೇಶಪ್ಪ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಎರಡೂ ಇಲ್ಲೇ ಇರ್ಲಿ ತಾಯಿ. ಇನ್ನು ಮುಂದೆ ಇವರಿಗೆ ಪೂಜೆ ಮಾಡಾಕೂ ನೀನೇ ಕಲಿಸು."

"ಕಲಿಸ್ಲಿ, ಅದಕ್ಕೇನು," ಎಂದು ಪಂಚಾಕ್ಷರಪ್ಪ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. "ಮೊದಲು ಆ ಪಟ್ಟಿ ಇನ್ನೊಂದು ಸಲ ಕಳಿಸವ್ವಾ, ನಾನೂ ನೋಡ್ತೀನಿ."